ಎಣ್ಣೆ ಹಚ್ಚಿದ ಕಮಾನು

ಕಮಾನು ತಂತಿಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಸ್ವರ ಮಾತ್ರ ಹುಟ್ಟುತ್ತಿರಲಿಲ್ಲ.

ಪೂಜಿತಾ ಇನ್ನೊಮ್ಮೆ ಒತ್ತಿ ಎಳೆದಳು. ಪಿಟೀಲಿನಿಂದ ಸುಯ್ ಎಂದು ಗಾಳಿಯಂಥ ಸದ್ದು ಬಂತು, ಅಷ್ಟೇ. ಪಕ್ಕದಲ್ಲಿ ಅನೂಪ್ ತಲೆ ತಗ್ಗಿಸಿ ಪಿಯಾನೊ ನುಡಿಸುತ್ತಲೇ ಇದ್ದ. ಜೊತೆಗಾತಿ ನಿಂತುಹೋದದ್ದು ಅವನ ಗಮನಕ್ಕೆ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಆಮೇಲೆ ಪಿಯಾನೊದ ಮೇಲ್ಭಾಗದ ಯಾವುದೋ ಗುಂಡಿ ಒತ್ತಿ, ಕೈ ಹಿಂದಕ್ಕೆ ತೆಗೆದುಕೊಂಡ.

ಕೋಟೇಶ್ವರದ ಆ ಸಭಾಭವನದಲ್ಲಿ ಸೇರಿದ್ದ ಇನ್ನೂರು ಜನ, ಒಂದು ಕೃತಿ ಮುಗಿಯಿತೆಂದು ತಿಳಿದು ಚಪ್ಪಾಳೆ ಹೊಡೆದರು.

ನಾನು ಹಣೆ ಚಚ್ಚಿಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ. ಮೈಕು ಕಂಡರೆ ಬಿಡದ ಸಂಘದ ಅಧ್ಯಕ್ಷ ಪ್ರೇಮಾನಂದರು ಎದ್ದು ಬಂದೇಬಿಟ್ಟರು. “ಅತ್ಯಂತ ಸುಮಧುರವಾದ, ಭಾವಪೂರ್ಣವಾದ ವಾದನವನ್ನು ಈಗಷ್ಟೇ ಆಲಿಸಿದ್ದೇವೆ. ಈ ಶುಭ ಸಂದರ್ಭದಲ್ಲಿ ಕಲಾವಿದರಿಗೆ ಶಾಲು ಹೊದೆಸಿ, ಫಲಪುಷ್ಪ ನೀಡಿ...”

ಮೆಟ್ಟಿಲು ಹತ್ತಿ ಹೋಗಿ ಮೈಕಿನ ಮೇಲೆ ಕೈ ಇಟ್ಟೆ. “ಪ್ರೇಮಾನಂದರೆ, ಅವ್ಳ್ ಇನ್ನೂ ಬಾರಿಸೂಕೇ ಶುರು ಮಾಡ್ಲಿಲ್ಲೆ.”

“ಹೌದಾ? ಮತ್ತೆ ಜನ ಚಪ್ಪಾಳೆ ಹೊಡದ್ರಲೆ?”

“ಜನ ಹೊಡೀತ್ರ್. ನೀವ್ ಕೂಕಣಿ.”

“ಶಾಲ್?”

“ಶಾಲ್ ಮಡ್ಸಿ ಇಟ್ಕಣಿ.”

ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು ನಾನು, ಹೆಸರು ಅಮ್ಮಣ್ಣಿ. ಸರ ಕಿತ್ತವರನ್ನು ಹಿಡಿದಿದ್ದೇನೆ, ದೋಣಿಯ ಇಂಜಿನ್ ಕದ್ದವರನ್ನು ಹಿಡಿದಿದ್ದೇನೆ. ಅವರೆಲ್ಲರೂ ಸೇರಿ ನನಗೆ ಕೊಡದಷ್ಟು ತಲೆನೋವನ್ನು ಈ ಪಿಟೀಲು-ಪಿಯಾನೊ ಜೋಡಿಯ ಕಛೇರಿ ಒಂದೇ ತಿಂಗಳಲ್ಲಿ ಕೊಟ್ಟಿದೆ. ಬೈಂದೂರಿನ ಕಛೇರಿಯ ನಡುವೆ ಯಾರೋ ಪಿಯಾನೊದ ಪ್ಲಗ್ ಕಿತ್ತಿದ್ದರು. ಬ್ರಹ್ಮಾವರದಲ್ಲಿ ಸ್ವರದ ಪುಸ್ತಕದಿಂದ ಎರಡು ಹಾಳೆ ಮಾಯವಾಗಿದ್ದವು. ಇದು ಮೂರನೆಯದು, ಮತ್ತು ಕೊನೆಯದು.

ಕೊನೆಯದು ಏಕೆಂದರೆ ಮುಂಬೈಯ ಒಂದು ವಾದ್ಯವೃಂದ ಈ ವರ್ಷ ಒಂದೇ ಒಂದು ಜೋಡಿಯನ್ನು ಆರಿಸಿಕೊಳ್ಳುತ್ತದೆ. ಎರಡು ವರ್ಷ ಅಲ್ಲೇ ಇಟ್ಟುಕೊಂಡು ಕಲಿಸಿ, ನುಡಿಸಲು ವೇದಿಕೆಯನ್ನೂ ಕೊಡುತ್ತದೆ. ಅರ್ಜಿಗೆ ಬೇಕಾದದ್ದು ಜನರ ಎದುರು ನುಡಿಸಿದ ನಲವತ್ತು ನಿಮಿಷದ ಕಛೇರಿ, ಎಲ್ಲೂ ಕತ್ತರಿಸದ ಒಂದೇ ವಿಡಿಯೊ. ಅದು ಇವತ್ತು ಭಾನುವಾರ ರಾತ್ರಿ ಎಂಟರೊಳಗೆ ಅವರಿಗೆ ತಲುಪಬೇಕು. ಇಪ್ಪತ್ತಾರು ತುಂಬಿದವರು ಅರ್ಜಿ ಹಾಕುವಂತಿಲ್ಲ. ಪೂಜಿತಾಳಿಗೆ ಮುಂದಿನ ತಿಂಗಳು ಇಪ್ಪತ್ತಾರು.

ಅವಳ ತಾಯಿ ವನಜ ಬೀಜಾಡಿಯಲ್ಲಿ ನನ್ನ ನೆರೆಮನೆಯವಳು. ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿ ಮಗಳ ಕೈಗೆ ಪಿಟೀಲು ಕೊಟ್ಟವಳು. “ಅಮ್ಮಣ್ಣಕ್ಕ, ಯಾರೋ ನನ್ನ ಹೆಣ್ಣಿನ ಕಾಲ್ ಎಳೀತ್ರ್, ನೀವೊಂದ್ ಕಾಣಿ” ಎಂದು ಅವಳು ಕೇಳಿದ ಮೇಲೆ ನಾನು ಇಲ್ಲ ಎನ್ನಲಾರದೆ ಹೋದೆ. ಬೆಳಿಗ್ಗೆಯಿಂದ ಪ್ಲಗ್ಗಿನ ಹತ್ತಿರ ಒಂದು ಸಲ, ಪುಸ್ತಕದ ಹತ್ತಿರ ಒಂದು ಸಲ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೆ. ಕಮಾನನ್ನು ಕಾಯಬೇಕೆಂದು ನನಗೆ ಯಾರು ಹೇಳಿದ್ದರು?

ಗಂಟೆ ನಾಲ್ಕೂ ಇಪ್ಪತ್ತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಪೂಜಿತಾ ಕಮಾನನ್ನು ನನ್ನ ಕೈಗೆ ಕೊಟ್ಟಳು. ಬಿಳಿ ಕುದುರೆ ಕೂದಲು ಎಣ್ಣೆ ಹಚ್ಚಿ ಬಾಚಿದ ಜಡೆಯ ಹಾಗೆ ಮಿರುಗುತ್ತಿತ್ತು. ಬೆರಳು ಮುಟ್ಟಿಸಿದರೆ ಜಾರಿತು. ಮೂಸಿ ನೋಡಿದೆ. ತೆಂಗಿನೆಣ್ಣೆ, ಅದಕ್ಕೆ ಕರ್ಪೂರ ಹಾಕಿ ಕಾಯಿಸಿದ್ದು.

“ಇನ್ನೊಂದ್ ಕಮಾನ್ ಇತ್ತಲೆ?”

“ಅದಕ್ಕೂ ಹಚ್ಚಿರ್, ಅಕ್ಕ.” ಅವಳು ನಗಲು ಹೋದಳು, ಕಣ್ಣು ತುಂಬಿ ಬಂತು. “ಬೆಳಿಗ್ಗೆ ಸರಿ ಇದ್ದಿತ್ತ್. ಊಟಕ್ ಹೋಪತಿಗೆ ಪೆಟ್ಟಿಗೆಲೇ ಇಟ್ಟಿದ್ದೆ.”

“ತೊಳೆದ್ರೆ?”

“ತೊಳದ್ ಒಣಗಿ ಸರಿ ಆಪ್ಪುಕೆ ನಾಳೆ ಆತ್ತ್.”

ಅವಳ ಮಾವ ತಿಮ್ಮ, ವನಜಳ ತಮ್ಮ, ಬಾಗಿಲಲ್ಲೇ ನಿಂತಿದ್ದ. ಪೂಜಿತಾ ಕಲಿಯುವಾಗ ಬಳಸಿದ ಹಳೆಯ ಕಮಾನು ಬೀಜಾಡಿಯ ಮನೆಯ ಗೋಡೆಯಲ್ಲಿ ನೇತಾಡುತ್ತಿದೆ ಎಂದು ಅವಳಿಗೆ ನೆನಪಾಯಿತು. ತಿಮ್ಮನನ್ನು ಸ್ಕೂಟರಿನಲ್ಲಿ ಓಡಿಸಿದೆವು.

ಕಮಾನುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೋಡಿದಷ್ಟೂ ನನಗೆ ಕಸಿವಿಸಿ. ಬುಡದಿಂದ ತುದಿಯವರೆಗೆ ಒಂದು ಕೂದಲೂ ಬಿಟ್ಟುಹೋಗಿರಲಿಲ್ಲ. ಕೂದಲಿಗಷ್ಟೇ ಅಲ್ಲ, ಕೋಲಿಗೂ ಎಣ್ಣೆ ಸವರಿ ಹೊಳಪು ಬರುವ ಹಾಗೆ ಉಜ್ಜಿದ್ದರು. ಕೈ ಹಿಡಿಯುವಲ್ಲಿನ ಚರ್ಮದ ಸುತ್ತನ್ನೂ ಬಿಟ್ಟಿರಲಿಲ್ಲ. ಹೆಚ್ಚಾದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ತೆಗೆದಿದ್ದರು.

ಹಾಳು ಮಾಡುವವನು ಇಷ್ಟು ನೀಟಾಗಿ ಹಾಳು ಮಾಡುವುದಿಲ್ಲ. ಅವನಿಗೆ ಒಂದು ಹನಿ ಸಾಕು, ಸುರಿದು ಓಡುತ್ತಾನೆ. ಇದು ಕೆಲಸದ ಮೇಲೆ ಪ್ರೀತಿ ಇರುವವರು ಕೂತು ಮಾಡಿದ್ದು.

ಕೋಣೆಯ ಮೂಲೆಯಲ್ಲಿ ಸಂಘದ ಯಕ್ಷಗಾನ ತಂಡದ ವೇಷದ ಪೆಟ್ಟಿಗೆಗಳಿದ್ದವು. ಅವುಗಳ ನಡುವೆ ಅಪ್ಪಿ ಕೂತು ಗೆಜ್ಜೆಯ ಚರ್ಮದ ಪಟ್ಟಿಯನ್ನು ಒರೆಸುತ್ತಿದ್ದ. ವಯಸ್ಸು ಅರವತ್ತರ ಮೇಲೆ, ನಲವತ್ತು ವರ್ಷದಿಂದ ಆ ಪೆಟ್ಟಿಗೆಗಳನ್ನು ಕಾಯುವುದೇ ಅವನ ಕೆಲಸ. ಪಕ್ಕದಲ್ಲೊಂದು ಗಿಂಡಿ, ಗಿಂಡಿಯಲ್ಲಿ ಎಣ್ಣೆ. ಕರ್ಪೂರದ ವಾಸನೆ ಇಲ್ಲಿಯವರೆಗೆ ಬರುತ್ತಿತ್ತು.

ಮೂವತ್ತು ವರ್ಷದ ಅನುಭವ ಬೇಕಾಗಿರಲಿಲ್ಲ. ಮೂಗು ಸಾಕಿತ್ತು.

“ಹ್ವಾಯ್ ಅಪ್ಪಿ, ಈ ಕಮಾನಿಗ್ ಎಣ್ಣಿ ಹಚ್ಚಿದ್ದ್ ಯಾರ್?”

“ನಾನೇ” ಎಂದ ಅವನು, ಸಂತೋಷದಿಂದ. “ಹ್ಯಾಂಗ್ ಇತ್ತ್, ಅಮ್ಮ? ಹೊಸತ್ ಆದಂಗ್ ಆಯ್ತಲ್ದಾ?”

ನಾನು ಕಮಾನನ್ನು ಅವನ ಮುಂದೆ ಹಿಡಿದೆ.

“ಎಂತಕ್ ಹಚ್ಚಿದ್ದ್, ಮಾರಾಯಾ?”

“ಪೂರಾ ಬೂಷ್ಟ್ ಹಿಡ್ದಿತ್ತ್, ಅಮ್ಮ. ಬಿಳೀ ಪುಡಿ ಉದುರ್ತಾ ಇದ್ದಿತ್ತ್. ಮಳೆಗಾಲದಗ್ ನಮ್ಮ ಗೆಜ್ಜೆ ಪಟ್ಟಿಗೆ ಬತ್ತಲೆ, ಅದೇ. ಹಾಂಗೇ ಬಿಟ್ರೆ ಹುಳ ತಿಂತ್. ಎರಡ್ ಸಲ ಒರಸ್ದೆ.”

“ಅದ್ ಬೂಷ್ಟಲ್ಲ, ರಾಳದ ಪುಡಿ. ಅದಿದ್ರೇ ಕಮಾನ್ ತಂತಿ ಹಿಡಿಯೂದ್, ಸ್ವರ ಬಪ್ಪುದ್.”

ಅಪ್ಪಿ ನನ್ನನ್ನು ಅಪನಂಬಿಕೆಯಿಂದ ನೋಡಿದ. “ರಾಳ ದೊಂದಿಗ್ ಎರ್ಚೂದಲ್ದಾ, ರಾಕ್ಷಸ ವೇಷ ಬಪ್ಪತಿಗೆ? ಪಿಟೀಲಿಗ್ ಎಂತಕ್ ರಾಳ?”

ಪೂಜಿತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಳು. ಅವಳನ್ನು ನೋಡಿದ ಮೇಲೆ ಅಪ್ಪಿಗೆ ತಾನೇನು ಮಾಡಿದೆನೆಂದು ನಿಧಾನವಾಗಿ ಗೊತ್ತಾಯಿತು. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

“ಬೇರೆಯವ್ರ ಪೆಟ್ಟಿಗೆ ಕೇಣದೆ ಮುಟ್ಟುವವ ನಾನಲ್ಲ, ಮಗಾ” ಎಂದ ಅವಳಿಗೆ. “ನಲ್ವತ್ ವರ್ಷದಗೆ ಒಂದ್ ಸಲ ಮುಟ್ಟಲಿಲ್ಲೆ. ಶ್ರೀಲತಾ ಟೀಚರೇ ಪೆಟ್ಟಿಗೆ ತೆಗ್ದ್ ಕೊಟ್ಟದ್ದ್. ಬೂಷ್ಟ್ ಬಂದಿತ್ತ್ ಅಪ್ಪಿಯಣ್ಣ, ಪೂಜಿತಂಗ್ ಹೊತ್ತಿಲ್ಲೆ, ನೀವೊಂಚೂರ್ ಒರಸಿ ಕೊಡಿ ಅಂದ್ರ್.”

ನಾನು ಪೂಜಿತಾಳನ್ನು ನೋಡಿದೆ, ಅವಳು ನನ್ನನ್ನು.

ಶ್ರೀಲತಾ ಪಿಯಾನೊದ ಪಕ್ಕ ಕೂತು ಅನೂಪನಿಗೆ ಹಾಳೆ ತಿರುಗಿಸುವವಳು. ಬ್ರಹ್ಮಾವರದಲ್ಲಿ ಇಬ್ಬರೂ ಒಬ್ಬರೇ ಮೇಷ್ಟ್ರ ಹತ್ತಿರ ಪಿಯಾನೊ ಕಲಿತವರು. ಅವಳು ಈಗ ಶಾಲೆಯೊಂದರಲ್ಲಿ ಸಂಗೀತದ ಟೀಚರು. ರಾಳ ಯಾವುದು, ಬೂಷ್ಟು ಯಾವುದು ಎಂದು ಅವಳಿಗೆ ಗೊತ್ತಿಲ್ಲದೆ ಇಲ್ಲ. ಹಾಗೆಯೇ, ಬೂಷ್ಟು ಎಂಬ ಮಾತು ಕಿವಿಗೆ ಬಿದ್ದರೆ ಅಪ್ಪಿಯ ಕೈ ಗಿಂಡಿಗೆ ಹೋಗುತ್ತದೆ ಎಂಬುದೂ ಗೊತ್ತು. ತಾನು ಒಂದು ಹನಿ ಎಣ್ಣೆ ಮುಟ್ಟದೆ, ಒಬ್ಬ ಒಳ್ಳೆಯ ಮುದುಕನ ಒಳ್ಳೆಯತನವನ್ನೇ ಬಳಸಿಕೊಂಡಿದ್ದಾಳೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವಳು ಹಿಂದಿನ ಜಗಲಿಯಲ್ಲಿ, ನೀರಿನ ಟಾಂಕಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಓಡಿಹೋಗುವ ಲಕ್ಷಣ ಇರಲಿಲ್ಲ. ಕಾಯುತ್ತಿದ್ದಂತೆ ಕಂಡಳು.

“ಅಪ್ಪಿ ಹೇಳ್ದ” ಎಂದೆ.

“ಹೇಳ್ತ್ರ್. ಅವ್ರಿಗೆ ಸುಳ್ಳ್ ಬತ್ತಿಲ್ಲೆ.”

“ಬೈಂದೂರಲ್ ಪ್ಲಗ್ ಕಿತ್ತದ್ದ್?”

“ನಾನೇ.”

“ಬ್ರಹ್ಮಾವರದ ಹಾಳೆ?”

“ಅದೂ ನಾನೇ. ಹರಿಲಿಲ್ಲೆ, ಮನೆಲ್ ಇತ್ತ್. ಬೇಕಾರೆ ತಂದ್ ಕೊಡ್ತೆ.”

ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡರೆ ನನ್ನಂಥವರಿಗೆ ಖುಷಿಯಾಗಬೇಕು. ನನಗೆ ಮೈ ಉರಿಯಿತು. “ಆ ಹೆಣ್ಣ್ ನಿಂಗ್ ಎಂತ ಮಾಡಿತ್? ಅವ್ಳ ಅಬ್ಬಿ ಬೆಳಿಗ್ಗೆ ನಾಲ್ಕಕ್ಕೆದ್ದ್ ಮೀನ್ ಹೊತ್ತದ್ದ್ ನೀ ಹೀಂಗ್ ಮಾಡೂಕಾ? ನಿಂಗ್ ಆ ಜಾಗ ಬೇಕಿದ್ದಿತ್ತಾ?”

“ನಂಗ್ ಬೇಡ, ಅಕ್ಕ.”

“ಮತ್ತೆ? ಅನೂಪ ಬೇಕಿದ್ದಿತ್ತಾ?”

ಅವಳ ಮುಖದಲ್ಲಿ ಒಂದು ಬದಲಾವಣೆ ಕಂಡಿತು. ಸಿಟ್ಟಲ್ಲ, ಬೇಸರ. “ನೀವ್ ಹಂಗೇ ಕೇಣ್ತ್ರಿ ಅಂದೇಳಿ ಗೊತ್ತಿತ್ತ್. ಅದ್ಯಾವ್ದೂ ಅಲ್ಲ. ಪೂಜಿತ ಎಷ್ಟ್ ಬೇಕಾರೂ ಬಾರಿಸ್ಲಿ, ಈ ಊರಗೆ ನನ್ನಷ್ಟ್ ಅವ್ಳ ಪಿಟೀಲ್ ಕೇಂಡವ್ರ್ ಇಲ್ಲೆ. ರೆಕಾರ್ಡ್ ಮಾಡ್ಬೇಡಿ. ಅಷ್ಟೇ ನಾನ್ ಹೇಳೂದ್.”

“ಎಂತಕ್ ಮಾಡೂಕಾಗ?”

“ಹೇಳೂಕಾತ್ತಿಲ್ಲೆ.”

“ಎಂತಕ್ ಆತ್ತಿಲ್ಲೆ?”

“ಆಣೆ ಇತ್ತ್.”

ಅಲ್ಲಿಗೆ ಮುಗಿಯಿತು. ನನ್ನ ಸರ್ವಿಸಿನ ಅರ್ಧ ಕೇಸುಗಳು ನಿಂತದ್ದು ಈ ಒಂದು ಮಾತಿನ ಹತ್ತಿರ. ನ್ಯಾಯಾಧೀಶರ ಮುಖ ನೋಡಿಕೊಂಡು ಹಸಿ ಸುಳ್ಳು ಹೇಳುವವರೂ ದೈವದ ಮುಂದೆ ಕೊಟ್ಟ ಮಾತನ್ನು ಮುರಿಯುವುದಿಲ್ಲ. ಲಾಠಿ ತೋರಿಸಿ, ಸಕ್ಕರೆ ಹಾಕಿ ಚಹಾ ಕೊಡಿ, ಬಾಯಿ ಬಿಡುವುದಿಲ್ಲ. ಬಾಯಿ ಬಿಡಿಸಲು ಹೋದ ನಾವೇ ಪಾಪಿಗಳಾಗುತ್ತೇವೆ.

“ಯಾರಿಗ್ ಕೊಟ್ಟ ಆಣೆ?”

ಅವಳು ತಲೆಯಾಡಿಸಿದಳು, ಅದನ್ನೂ ಹೇಳುವುದಿಲ್ಲ ಎಂಬಂತೆ.

“ಹಾಂಗಾರೆ ಕೇಣ್ ಶ್ರೀಲತಾ. ಕಮಾನ್ ಬತ್ತ್. ಕಛೇರಿ ಆತ್ತ್, ರೆಕಾರ್ಡೂ ಆತ್ತ್. ನೀ ವೇದಿಕೆ ಹತ್ರ ಬಂದ್ಯಾ, ನಾನ್ ಸುಮ್ನೆ ಕೂಕಂತಿಲ್ಲೆ.”

“ನಾನ್ ಬತ್ತಿಲ್ಲೆ” ಎಂದಳು. ಆಮೇಲೆ ನನ್ನ ಮುಖವನ್ನೇ ನೇರ ನೋಡಿ, “ಹಾಳೆ ತಿರುಗ್ಸೂಕ್ ಯಾರಾರೂ ಬೇಕಲೆ. ನೀವೇ ಕೂಕಣಿ, ಅಕ್ಕ. ಅವ್ನ ಎಡಬದಿಗೆ” ಎಂದಳು.

“ನಂಗ್ ಆ ಸ್ವರ ಗಿರ ಓದೂಕ್ ಬತ್ತಿಲ್ಲೆ.”

“ಓದೂದ್ ಬೇಡ. ಅವ ತಲೆ ಆಡ್ಸಿದ್ರೆ ತಿರುಗ್ಸಿ. ಕಣ್ ಬಿಟ್ಕಂಡ್ ಕೂಕಣಿ, ಸಾಕ್.”

ಅಷ್ಟರಲ್ಲಿ ಸ್ಕೂಟರಿನ ಸದ್ದು ಕೇಳಿ ಓಡಿದೆ. ತಿಮ್ಮ ಬೆವರು ಸುರಿಸುತ್ತ ಬಂದಿದ್ದ. ಬಗಲಲ್ಲಿ ಹಳೆಯ ಪಿಟೀಲು.

“ಕಮಾನ್ ಎಲ್ಲಿ?”

“ಕಮಾನಾ? ಪಿಟೀಲ್ ತಂದಿದ್ನಲೆ.”

“ಪಿಟೀಲ್ ಅವ್ಳ ಹತ್ರ ಇತ್ತ್, ತಿಮ್ಮ. ಬೇಕಿದ್ದದ್ದ್ ಬಾರಿಸೂ ಕೋಲ್.”

“ಆ ಕೋಲಾ? ಅದ್ ಗೋಡೆಲೇ ಇತ್ತ್. ನಾನ್ ಕಂಡಿದ್ದೆ.”

ಕಂಡಿದ್ದನಂತೆ. ಕಂಡು ಅಲ್ಲೇ ಬಿಟ್ಟು ಬಂದಿದ್ದನಂತೆ. ನಾನು ರಸ್ತೆಯ ಕಡೆ ಕೈ ತೋರಿಸಿದೆ. ಅವನು ಮತ್ತೆ ಹೋಗಿ ಮತ್ತೆ ಬರುವ ಹೊತ್ತಿಗೆ ಐದೂವರೆ. ಆ ನಡುವೆ ಜನ ಎದ್ದು ಹೋಗದಂತೆ ಪ್ರೇಮಾನಂದರಿಗೆ ಮೈಕು ಕೊಟ್ಟೆ. ಜೀವನದಲ್ಲಿ ಮೊದಲ ಸಲ ಯಾರೋ ತಾವಾಗಿ ಮೈಕು ಕೊಟ್ಟರೆಂದು ಅವರಿಗೆ ಕಣ್ಣಲ್ಲಿ ನೀರು ಬಂದಿತ್ತು. ನಲವತ್ತು ನಿಮಿಷ ಮಾತಾಡಿದರು. ಅದರಲ್ಲಿ ಇಪ್ಪತ್ತು ನಿಮಿಷ ಸಭಾಭವನದ ಹೊಸ ಫ್ಯಾನುಗಳ ಬಗ್ಗೆ.

ಐದೂ ಐವತ್ತಕ್ಕೆ ಪೂಜಿತಾ ಹಳೆಯ ಕಮಾನಿಗೆ ರಾಳ ಉಜ್ಜಿ ವೇದಿಕೆಗೆ ಬಂದಳು. ವಿಡಿಯೊದವನು ಕ್ಯಾಮೆರಾ ಶುರು ಮಾಡಿ ಹೆಬ್ಬೆರಳು ತೋರಿಸಿದ. ನಾನು ಅನೂಪನ ಎಡಕ್ಕೆ ಸ್ಟೂಲು ಎಳೆದು ಕೂತೆ.

ಅವನು ನನ್ನನ್ನು ನೋಡಿ ಬಿಳಿಚಿಕೊಂಡ. “ಅಕ್ಕ, ನೀವ್ಯಾಕೆ? ಶ್ರೀಲತಾ ಎಲ್ಲಿ?”

“ಅವ್ಳ್ ಬತ್ತಿಲ್ಲೆ. ನೀ ತಲೆ ಆಡ್ಸ್, ನಾನ್ ತಿರುಗ್ಸ್ತೆ.”

“ಬೇಡ, ನಾನೇ ತಿರುಗಿಸ್ಕಂತೆ.”

“ಹೊತ್ತಿಲ್ಲೆ, ಅನೂಪ.”

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಪೂಜಿತಾ ಆಗಲೇ ಪಿಟೀಲನ್ನು ಗದ್ದಕ್ಕೆ ಇಟ್ಟು ಅವನ ಕಡೆ ತಿರುಗಿದ್ದಳು. ಅವನು ಮೇಲಿನ ಗುಂಡಿ ಒತ್ತಿ ಶುರು ಮಾಡಿದ.

ನನಗೆ ಈ ಸಂಗೀತ ಗೊತ್ತಿಲ್ಲ, ಗೊತ್ತಿದೆ ಎಂದು ಸುಳ್ಳು ಹೇಳುವುದೂ ಇಲ್ಲ. ಮೊದಲ ಹದಿನೈದು ನಿಮಿಷ ನನ್ನ ಲಕ್ಷ್ಯವೆಲ್ಲ ಅನೂಪನ ತಲೆಯ ಮೇಲೆ. ಅವನು ತಲೆ ಆಡಿಸಿದ, ನಾನು ತಿರುಗಿಸಿದೆ. ಜನ ನಡುವೆ ಎರಡು ಸಲ ಚಪ್ಪಾಳೆ ಹೊಡೆದರು, ಹೊಡೆಯಲಿ. ಶಾಲು ಹಿಡಿದು ಅರ್ಧ ಎದ್ದ ಪ್ರೇಮಾನಂದರನ್ನು ಕಣ್ಣಲ್ಲೇ ಕೂರಿಸಿದೆ.

ಆಮೇಲೆ ನಿಧಾನದ ಭಾಗ ಬಂತು. ಆ ಹಳೆಯ ಅಗ್ಗದ ಕಮಾನಿನಲ್ಲಿ ಪೂಜಿತಾ ಒಂದು ಉದ್ದನೆಯ ಸ್ವರ ಎಳೆದಳು. ಮೊದಲ ಸಾಲಿನಲ್ಲಿ ವನಜ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಅವಳ ಮಗಳನ್ನು ಲಂಗ ಹಾಕಿದಂದಿನಿಂದ ನೋಡಿದವಳು ನಾನು. ಗೋಡೆಯಾಚೆ ಈ ಪಿಟೀಲು ಕೊಯ್ಯೋ ಕೊಯ್ಯೋ ಎಂದು ಅಳುತ್ತಿದ್ದಾಗ ಎಷ್ಟೋ ಸಲ ಕಿಟಕಿ ಮುಚ್ಚಿಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಕೇಳುತ್ತ ಕೇಳುತ್ತ ಹಾಳೆಯನ್ನು ಮರೆತೆ.

ಅನೂಪ್ ತಲೆ ಆಡಿಸಿದ್ದಿರಬೇಕು. ನಾನು ನೋಡಲಿಲ್ಲ. ಇನ್ನೊಮ್ಮೆ ಆಡಿಸಿದ್ದಿರಬೇಕು. ಕೊನೆಗೆ ಅವನು ತಡೆಯಲಾರದೆ ತನ್ನ ಎಡಗೈಯನ್ನು ಚಾಚಿ ಹಾಳೆಯನ್ನು ತಾನೇ ತಿರುಗಿಸಿದ.

ಎಡಗೈ ಪುಸ್ತಕದ ಮೇಲಿತ್ತು. ಬಲಗೈ ಬಲಗಡೆಯ ಸಣ್ಣ ಸ್ವರಗಳ ಮೇಲಿತ್ತು. ಪಿಯಾನೊದ ಎಡಭಾಗದ ದಪ್ಪ ಸ್ವರಗಳು ಮಾತ್ರ ಯಾರೂ ಮುಟ್ಟದೆಯೇ ನುಡಿಯುತ್ತಿದ್ದವು.

ಮೊದಲು ನನಗೆ ಇದು ಸಭಾಭವನದ ಪ್ರತಿಧ್ವನಿ ಎನಿಸಿತು. ಪ್ರತಿಧ್ವನಿ ಹೊಸ ಹೊಸ ಸ್ವರ ನುಡಿಸುವುದಿಲ್ಲ.

ಅವನು ಕೈಯನ್ನು ಸರಕ್ಕನೆ ಕೆಳಗಿಳಿಸಿದ. ಈಗ ನಾನು ಕಣ್ಣು ಬಿಟ್ಟು ನೋಡಿದೆ. ಎಡಗೈಯ ಬೆರಳುಗಳು ಕೀಗಳ ಮೇಲೆ ಆಡುತ್ತಿದ್ದವು, ಕೀಗಳು ಕೆಳಗಿಳಿಯುತ್ತಿರಲಿಲ್ಲ. ಕಿರುಬೆರಳೂ ಅದರ ಪಕ್ಕದ್ದೂ ಆಡುತ್ತಲೂ ಇರಲಿಲ್ಲ, ಮಡಚಿದಂತೆ ಸುಮ್ಮನಿದ್ದವು. ಅದು ಕರೆಂಟಿನ ಪಿಯಾನೊ. ಅದರ ಹೊಟ್ಟೆಯೊಳಗೆ ಮೊದಲೇ ತುಂಬಿಸಿಟ್ಟದ್ದನ್ನು ಗುಂಡಿ ಒತ್ತಿದರೆ ತಾನೇ ಹೇಳುತ್ತದೆ.

ಪೂಜಿತಾ ನಿಂತರೂ ಅವನು ನಿಲ್ಲದೆ ಹೋದದ್ದು ಏಕೆಂದು ಆಗ ತಿಳಿಯಿತು. ತುಂಬಿಸಿಟ್ಟದ್ದು ಯಾರಿಗೂ ಕಾಯುವುದಿಲ್ಲ.

ಅನೂಪ್ ನನ್ನ ಕಡೆ ತಿರುಗಲಿಲ್ಲ. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ತುಟಿ ಮಾತ್ರ ಅಲ್ಲಾಡಿತು. “ಅಕ್ಕ, ಎದ್ದೇಳ್ಬೇಡಿ. ಅವ್ಳಿಗ್ ಗೊತ್ತಿಲ್ಲೆ.”

ನಾನು ಎದ್ದರೆ ವಿಡಿಯೊ ಹಾಳು. ಇನ್ನೊಂದು ಸಲ ನುಡಿಸಲು ಹೊತ್ತಿಲ್ಲ. ನಾನೊಬ್ಬಳು ನಿವೃತ್ತ ಪೊಲೀಸು, ಕಣ್ಣೆದುರು ಮೋಸ ನಡೆಯುತ್ತಿದೆ, ಅದಕ್ಕೆ ಹಾಳೆ ತಿರುಗಿಸು ಎಂದು ನನ್ನನ್ನೇ ಕೂರಿಸಿದ್ದಾರೆ. ಅತ್ತ ಪೂಜಿತಾ ಕಣ್ಣು ಮುಚ್ಚಿ ನುಡಿಸುತ್ತಿದ್ದಾಳೆ.

ನಾನು ಏಳಲಿಲ್ಲ. ಉಳಿದ ಹಾಳೆಗಳನ್ನು ಒಂದೂ ತಪ್ಪದೆ ತಿರುಗಿಸಿದೆ. ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ಈ ಹೊತ್ತಿಗೂ ಗೊತ್ತಿಲ್ಲ.

ಆರೂವರೆಗೆ ಕೊನೆಯ ಸ್ವರ ನಿಂತಿತು. ಈ ಸಲ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪ್ರೇಮಾನಂದರು ಎರಡೂ ಶಾಲು ಎತ್ತಿಕೊಂಡು ಓಡಿ ಬಂದರು. ನಾನು ಅವರನ್ನು ದಾಟಿ, ಹಿಂದಿನ ಜಗಲಿಗೆ ಹೋದೆ.

ಶ್ರೀಲತಾ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು.

“ಕಂಡ್ರ್ಯಾ?”

“ಕಂಡೆ.”

“ಹಾಂಗಾರೆ ನಾನ್ ಹೇಳಿದ್ದಲ್ಲ. ನೀವೇ ಕಂಡದ್ದ್.” ಅವಳು ಉದ್ದಕ್ಕೆ ಉಸಿರು ಬಿಟ್ಟಳು. ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ. “ಜೂನಲ್ ಅವ ಬೈಕಿಂದ ಬಿದ್ದದ್ದ್ ನಿಮ್ಗ್ ಗೊತ್ತಿತ್ತಲೆ. ಗಾಯ ಮಾಯ್ತ್. ಎಡಗೈಯ ಎರಡ್ ಬೆರಳಿಗ್ ಜೀವ ಬರ್ಲಿಲ್ಲೆ. ಜೋಡಿ ಇಲ್ದೆ ಅವ್ಳ್ ಅರ್ಜಿ ಹಾಕೂಕಾತ್ತಿಲ್ಲೆ, ಈ ಒಂದ್ ಸಲ ಮಾತ್ರ ಅಂದೇಳಿ ಕೈ ಮುಗ್ದ. ಯಾರಿಗೂ ಹೇಳ್ತಿಲ್ಲೆ ಅಂದೇಳಿ ದೈವದ ಎದ್ರ್ ನನ್ನತ್ರ ಆಣೆ ಮಾಡ್ಸ್ಕಂಡ.”

“ಮತ್ತೆ ನೀನೇ ಮೂರ್ ಸಲ ಹಾಳ್ ಮಾಡಿದ್ದ್?”

“ಆರಿಸಿದ್ರೆ ಮುಂಬೈಗ್ ಕರಸ್ತ್ರ್, ಅಕ್ಕ. ಅಲ್ಲಿ ಅವ್ರದ್ದೇ ಪಿಯಾನೊದಗೆ, ಅವ್ರ ಎದ್ರ್ ಬಾರಿಸ್ಕ್. ಅವತ್ತ್ ಸಿಕ್ಕಿ ಬಿದ್ರೆ ಇಬ್ರನ್ನೂ ಮೋಸಗಾರ್ರ್ ಅಂತ್ರ್. ತಂಗ್ ಗೊತ್ತಿಲ್ಲೆ ಅಂದೇಳಿ ಪೂಜಿತ ಹೇಳಿದ್ರೆ ಯಾರ್ ನಂಬ್ತ್ರ್? ಅವ್ಳ್ ಮತ್ತೆ ಯಾವ ವೇದಿಕೆಗೂ ಹತ್ತೂಕಾತ್ತಿಲ್ಲೆ. ಹೇಳೂಕ್ ನಂಗ್ ಬಾಯಿಲ್ಲೆ. ಅದಕ್ ಪ್ಲಗ್ ಕಿತ್ತೆ.”

ಬೈಯಬೇಕೆಂದು ಬಂದವಳು ನಾನು. ಬೈಗುಳ ಬಾಯಿಯಲ್ಲೇ ಉಳಿಯಿತು. ಒಬ್ಬರು ಆಣೆ ಹಾಕಿಸಿದರು, ಇನ್ನೊಬ್ಬರು ಆಣೆ ಉಳಿಸಿಕೊಳ್ಳಲು ಪ್ಲಗ್ ಕಿತ್ತರು. ಇಬ್ಬರೂ ಪೂಜಿತಾಳ ಒಳ್ಳೆಯದಕ್ಕೇ ಮಾಡಿದ್ದಂತೆ. ಅವಳನ್ನೊಂದು ಮಾತು ಕೇಳಬೇಕೆಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

“ಶ್ರೀಲತಾ, ಪಿಯಾನೊದೊಳಗೆ ತುಂಬ್ಸಿದ್ದ್ ಯಾರ್ ಬಾರಿಸಿದ್ದ್? ಅವ್ನ ಕೈ ಬತ್ತಿಲ್ಲೆ ಅಂದ್ಯಲ್ಲೆ.”

ಅವಳು ತನ್ನ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. “ನಾನೇ” ಎಂದಳು.

ಒಳಗಿನಿಂದ ಹೆಜ್ಜೆ ಸದ್ದು ಬಂತು. ಪೂಜಿತಾ ಹೆಗಲ ಮೇಲೆ ಶಾಲು ಹೊದ್ದುಕೊಂಡೇ, ಕೈಯಲ್ಲಿ ಲ್ಯಾಪ್‌ಟಾಪ್ ತೆರೆದು ಹಿಡಿದುಕೊಂಡು ಬಂದಳು. ಅವಳ ಬೆನ್ನಿಗೆ ಅನೂಪ್. ಅವನು ಬಾಗಿಲಲ್ಲೇ ನಿಂತುಬಿಟ್ಟ.

“ಅಮ್ಮಣ್ಣಕ್ಕ, ವಿಡಿಯೊ ಪೂರಾ ಅಪ್‌ಲೋಡ್ ಆಯ್ತ್. ನಲ್ವತ್ತೊಂದ್ ನಿಮಿಷ, ಒಂದ್ ಕಡೆಯೂ ಕಟ್ ಇಲ್ಲೆ. ಇನ್ ಒಂದ್ ಗುಂಡಿ ಒತ್ತಿದ್ರೆ ಆಯ್ತ್.” ಮೆಟ್ಟಿಲ ಮೇಲಿದ್ದ ಶ್ರೀಲತಾಳನ್ನು ಒಂದು ಕ್ಷಣ ನೋಡಿದಳು. ಆ ಖುಷಿಯಲ್ಲಿ ಅವಳ ಮೇಲೂ ಸಿಟ್ಟು ಮಾಡಿಕೊಳ್ಳಲು ಪೂಜಿತಾಳಿಂದ ಆಗಲಿಲ್ಲ. “ನೀವ್ ಪಕ್ದಗೇ ಕೂಕಂಡ್ ಕೇಂಡ್ರಲೆ ಅಕ್ಕ, ಇವತ್ತ್ ಅನೂಪನ ಎಡಗೈ ಎಷ್ಟ್ ಚೆಂದ ಇದ್ದಿತ್ತ್. ಅವ ಅಷ್ಟ್ ಗಟ್ಟಿ ಹಿಡ್ಕಂಡದ್ದಕ್ಕೇ ನಾನ್ ಹೆದ್ರದೆ ಬಾರಿಸಿದ್ದ್.”

ಗಂಟೆ ಏಳೂ ಹತ್ತು ಆಗಿತ್ತು.

ಪೂಜಿತಾ ನನ್ನ ಪಕ್ಕದಲ್ಲಿ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳನ್ನು ಗುಂಡಿಯ ಮೇಲೆ ತಂದಳು.

“ಕಳ್ಸ್ಲಾ, ಅಕ್ಕ?”